ಲಿಂಗೈಕ್ಯರಾದವರು ದೆವ್ವವಾಗಿ ಬರುತ್ತಾರೆಯೇ?

(ಚಾಮರಾಜಪೇಟೆಯ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

 

ಹೋದ ತಿಂಗಳ ಗೋಷ್ಠಿ ಮುಗಿದು ಪ್ರಸಾದಕ್ಕೆ ಕುಳಿತಿದ್ದಾಗ ಒಬ್ಬ ಹುಡುಗ ಪಕ್ಕಕ್ಕೆ ಬಂದು ಕೇಳಿದ: "ಮೇಷ್ಟ್ರೇ, ದೆವ್ವ ಇದೆಯಾ, ಇಲ್ವಾ? ಒಂದೇ ಮಾತಲ್ಲಿ ಹೇಳಿ." ಇಲ್ಲ ಎಂದೆ. ಅವನಿಗೆ ಸಮಾಧಾನವಾಗಲಿಲ್ಲ. "ಮತ್ತೆ ನಮ್ಮಜ್ಜಿ ಕಣ್ಣಾರೆ ನೋಡಿದೀನಿ ಅಂತಾರಲ್ಲ, ಅವರು ಸುಳ್ಳು ಹೇಳ್ತಾರಾ?" ಎಂದ. ಅವನ ಅಜ್ಜಿ ನನಗೆ ಗೊತ್ತು, ಸುಳ್ಳು ಹೇಳುವವರಲ್ಲ. ಆಗ ಅವನಿಗೆ ಉತ್ತರ ಕೊಡಲಾಗದೆ ಅನ್ನಸಾರಿನ ಕಡೆ ಗಮನ ಕೊಟ್ಟೆ. ಅದಕ್ಕೇ ಈ ತಿಂಗಳು ಇದೇ ವಿಷಯ ಮಾತಾಡುತ್ತೇನೆಂದು ಹಿರಿಯರಲ್ಲಿ ಕೇಳಿಕೊಂಡೆ.

ನಿಮ್ಮಲ್ಲಿ ವಯಸ್ಸಾದವರಿಗೆ ತೊಂಬತ್ತರ ದಶಕದ ಬೆಂಗಳೂರು ನೆನಪಿರಬೇಕು. ಮಲ್ಲೇಶ್ವರದಲ್ಲಿ, ಶ್ರೀರಾಂಪುರದಲ್ಲಿ, ಇತ್ತ ಚಾಮರಾಜಪೇಟೆಯಲ್ಲೂ ಮನೆ ಬಾಗಿಲುಗಳ ಮೇಲೆ "ನಾಳೆ ಬಾ" ಎಂದು ಬರೆದಿರುತ್ತಿದ್ದರು. ರಾತ್ರಿ ಹೊತ್ತು ಒಂದು ಹೆಣ್ಣು ದೆವ್ವ ಬಂದು ಬಾಗಿಲು ತಟ್ಟುತ್ತದಂತೆ. ನಮಗೆ ಬೇಕಾದವರ ದನಿಯಲ್ಲೇ ಹೆಸರು ಹಿಡಿದು ಕೂಗುತ್ತದಂತೆ. ಬಾಗಿಲು ತೆರೆದರೆ ಮುಗಿಯಿತಂತೆ. ಬಾಗಿಲ ಮೇಲೆ ನಾಳೆ ಬಾ ಎಂದಿದ್ದರೆ ಓದಿಕೊಂಡು ಹೋಗಿ, ಮಾರನೆಯ ರಾತ್ರಿ ಬಂದು ಮತ್ತೆ ಓದಿಕೊಂಡು ಹಿಂದಿರುಗುತ್ತದಂತೆ. ಎಲ್ಲವೂ ಅಂತೆ. ನೋಡಿದವರು ಯಾರು ಎಂದು ಕೇಳಿದರೆ ಪಕ್ಕದ ಬೀದಿಯವರು. ಪಕ್ಕದ ಬೀದಿಗೆ ಹೋದರೆ ಅವರು ಅದರಾಚೆಯ ಬೀದಿ ತೋರಿಸುತ್ತಿದ್ದರು. ಅಕ್ಷರ ಬಲ್ಲ, ಕನ್ನಡ ಬಲ್ಲ, ಹೇಳಿದ ಮಾತನ್ನು ಚಾಚೂ ತಪ್ಪದೆ ಪಾಲಿಸುವ ಇಂಥ ವಿಧೇಯ ದೆವ್ವವನ್ನು ಕಂಡು ಶಾಲೆಯ ಸ್ಟಾಫ್ ರೂಮಿನಲ್ಲಿ ನಾವು ನಕ್ಕಿದ್ದೇ ನಕ್ಕಿದ್ದು. 2018ರಲ್ಲಿ ಹಿಂದಿಯವರು ಇದೇ ಎಳೆ ಹಿಡಿದು "ಸ್ತ್ರೀ" ಎಂಬ ಸಿನಿಮಾ ಮಾಡಿದರು.

ಆಗ ನಾವು ಮಲ್ಲೇಶ್ವರದ ಒಂದು ವಠಾರದಲ್ಲಿದ್ದೆವು. ಒಂದು ಸಂಜೆ ಶಾಲೆಯಿಂದ ಬಂದು ನೋಡುತ್ತೇನೆ, ನಮ್ಮ ಬಾಗಿಲ ಮೇಲೂ ಸೀಮೆಸುಣ್ಣದಲ್ಲಿ ನಾಳೆ ಬಾ! ಅಕ್ಷರ ಅವ್ವನದು. ನಾನು ವಿಜ್ಞಾನದ ಮೇಷ್ಟ್ರು, ಕೊರಳಲ್ಲಿ ಇಷ್ಟಲಿಂಗ, ದಿನ ಬೆಳಗಾದರೆ ವಚನದ ಮಾತು. ಸಿಟ್ಟು ನೆತ್ತಿಗೇರಿತು. ಒದ್ದೆ ಬಟ್ಟೆ ತಂದು ಉಜ್ಜಿ ಅಳಿಸಿ, ಅವ್ವನಿಗೆ ಒಂದು ಭಾಷಣವನ್ನೂ ಬಿಗಿದೆ. ಅವ್ವ ಎದುರಾಡಲಿಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ನೋಡಿದರೆ, ನಡುಮನೆಯಲ್ಲಿ ಗೋಡೆಗೆ ಒರಗಿ ಬಾಗಿಲನ್ನೇ ನೋಡುತ್ತ ಕೂತಿದ್ದಳು.

"ಅಷ್ಟು ಹೆದರಿಕೆಯೇನವ್ವ?" ಎಂದೆ.

"ಹೆದರಿಕೆ ಅಲ್ಲ ಕಣಪ್ಪ," ಎಂದಳು. "ಅದು ನಮ್ಮೋರ ದನೀಲಿ ಕೂಗ್ತದಂತಲ್ಲ. ನಿಮ್ಮಕ್ಕನ ದನೀಲಿ ಕೂಗಿದ್ರೆ ನಾನು ಬಾಗ್ಲು ತೆಗೀದೆ ಇರ್ತೀನೇನೋ?"

ಅಕ್ಕ ತೀರಿಕೊಂಡು ಆಗಲೇ ಮೂವತ್ತು ವರ್ಷವಾಗಿತ್ತು.

ಅಕ್ಕನ ವಿಷಯ ಸಭೆಯಲ್ಲಿ ಇದುವರೆಗೆ ಹೇಳಿಲ್ಲ. ನಮ್ಮದು ಗುಬ್ಬಿ ಕಡೆಯ ಹಳ್ಳಿ. ಅಕ್ಕನಿಗೆ ಹದಿಮೂರು ತುಂಬಿದ ಮೇಲೆ ಇದ್ದಕ್ಕಿದ್ದಂತೆ ಬಿದ್ದು ಕೈಕಾಲು ಸೆಟೆದುಕೊಳ್ಳುವುದು ಶುರುವಾಯಿತು. ಬಾಯಲ್ಲಿ ನೊರೆ, ಎದ್ದ ಮೇಲೆ ಅರ್ಧ ಗಂಟೆ ಯಾರ ಗುರುತೂ ಹತ್ತುತ್ತಿರಲಿಲ್ಲ. ಈಗ ಶಾಲೆಯ ಮಗುವೂ ಮೂರ್ಛೆ ರೋಗ ಎಂದು ಹೇಳಬಲ್ಲ ಲಕ್ಷಣ. ನಮ್ಮವರು ಗಾಳಿ ಸೋಕಿದೆ ಎಂದರು. ಅಮಾವಾಸ್ಯೆಗೊಮ್ಮೆ ಒಬ್ಬ ಮಂತ್ರವಾದಿಯ ಹತ್ತಿರ ಕರೆದುಕೊಂಡು ಹೋದರು. ಅವನು ಬೇವಿನ ಬರಲಲ್ಲಿ ಹೊಡೆದ, ಒಣಮೆಣಸಿನಕಾಯಿ ಹೊಗೆ ಹಾಕಿದ, ಜುಟ್ಟು ಹಿಡಿದು "ಯಾರು ನೀನು, ಹೇಳು" ಎಂದು ಅಲುಗಾಡಿಸಿದ. ನೋವು ತಾಳಲಾರದೆ ಅಕ್ಕ ಬಾಯಿಗೆ ಬಂದ ಹೆಸರು ಹೇಳುತ್ತಿದ್ದಳು. ಹೆಸರು ಸಿಕ್ಕಿತಲ್ಲ, ದೆವ್ವ ಇರುವುದು ಖಾತ್ರಿಯಾಯಿತು. ಹೀಗೆ ನಾಲ್ಕು ವರ್ಷ. ಒಂದು ಬೆಳಿಗ್ಗೆ ನೀರಿಗೆ ಹೋದವಳು ಬಾವಿಯ ಕಟ್ಟೆಯ ಮೇಲೆ ಬಿದ್ದು ಹಾಗೇ ಒಳಗೆ ಜಾರಿದಳು. ದೆವ್ವ ಎಳೆದುಕೊಂಡಿತು ಎಂದರು.

ಮೂರ್ಛೆ ರೋಗಕ್ಕೆ ಫಿನೋಬಾರ್ಬಿಟಾಲ್ ಎಂಬ ಮಾತ್ರೆ 1912ರಿಂದ ಬಳಕೆಯಲ್ಲಿದೆ. ಅಗ್ಗದ ಮಾತ್ರೆ. ನಮ್ಮಕ್ಕ ಹುಟ್ಟುವ ಮೊದಲೇ ಅದು ಇತ್ತು. ಗುಬ್ಬಿಯಿಂದ ಬೆಂಗಳೂರಿಗೆ ರೈಲಿತ್ತು. ಬೆಂಗಳೂರಿನಲ್ಲಿ, ಮುಂದೆ ನಿಮ್ಹಾನ್ಸ್ ಆದ ಮಾನಸಿಕ ಆಸ್ಪತ್ರೆಯೂ ಇತ್ತು. ಇಲ್ಲದೇ ಇದ್ದದ್ದು ಒಂದೇ, ಇದು ಕಾಯಿಲೆ ಎಂಬ ಮಾತು.

ಆದರೆ ನನ್ನನ್ನು ಇವತ್ತಿಗೂ ಕಾಡುವುದು ಅವಳ ಮಣ್ಣಿನ ದಿನ. ನಮ್ಮ ಪದ್ಧತಿಯಂತೆ ವಿಭೂತಿ ಧರಿಸಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು, ಕೂರಿಸಿ, ಬಿಲ್ವಪತ್ರೆ ಹಾಕಿ ಹೊಲದ ಮೂಲೆಯಲ್ಲಿ ಸಮಾಧಿ ಮಾಡಿದರು. ಅಯ್ಯನವರು ಮಗು ಲಿಂಗೈಕ್ಯವಾಯಿತು, ಅಳಬೇಡಿ ಎಂದರು. ಎಲ್ಲರೂ ಕೈಮುಗಿದರು. ಅದೇ ದಿನ ಸಂಜೆ ನಮ್ಮ ಸೋದರಮಾವ ನಿಂಬೆಹಣ್ಣು, ಕಬ್ಬಿಣದ ಮೊಳೆ ತಂದು ಹೊಸ್ತಿಲಿಗೆ ಹೊಡೆದರು. ಅವಳು ಮನೆಗೆ ಮರಳಿ ಬರಬಾರದಂತೆ. ಮಧ್ಯಾಹ್ನ ಲಿಂಗೈಕ್ಯ, ಸಂಜೆಗೆ ದೆವ್ವ! ಒಂಬತ್ತು ವರ್ಷದ ನನಗೆ ಅದು ಅರ್ಥವಾಗಲಿಲ್ಲ. ಎಪ್ಪತ್ತು ದಾಟಿದೆ, ಈಗಲೂ ಅರ್ಥವಾಗಿಲ್ಲ.

ಬಂಧುಗಳೇ, ದೆವ್ವ ಇದೆಯೇ ಎಂಬ ಪ್ರಶ್ನೆಯನ್ನು ಬೇರೆಯವರು ಬೇರೆ ರೀತಿಯಲ್ಲಿ ಕೇಳಬಹುದು. ಲಿಂಗವಂತ ಕೇಳುವಾಗ ಅದರ ಜೊತೆಗೆ ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ. ಶರಣರು ಐದು ಸೂತಕಗಳನ್ನು ಅಲ್ಲಗಳೆದರು. ಜನನ, ಜಾತಿ, ರಜಸ್ಸು, ಉಚ್ಛಿಷ್ಟ, ಐದನೆಯದು ಪ್ರೇತ. ಜಾತಿ ಸೂತಕದ ಬಗ್ಗೆ ನಾವು ವೇದಿಕೆಯ ಮೇಲೆ ಬಹಳ ಮಾತಾಡುತ್ತೇವೆ. ರಜಸ್ಸೂತಕದ ಬಗ್ಗೆ ಈಗೀಗ ಹೆಣ್ಣುಮಕ್ಕಳು ಮಾತಾಡುತ್ತಿದ್ದಾರೆ, ಸಂತೋಷ. ಪ್ರೇತ ಸೂತಕದ ಹೆಸರನ್ನೇ ಎತ್ತುವುದಿಲ್ಲ. ಸತ್ತವರ ದೇಹದಿಂದ ಮೈಲಿಗೆಯಿಲ್ಲ, ಸತ್ತವರು ಪ್ರೇತವಾಗಿ ಅಲೆಯುವುದಿಲ್ಲ, ಅವರಿಗೆ ಪಿಂಡ ಬೇಕಿಲ್ಲ ಎಂಬುದು ನಮ್ಮ ಆಚರಣೆಯ ಬುಡ. ಬಂದದ್ದು ಬಂದಲ್ಲಿಗೇ ಸೇರಿತು ಎಂದ ಮೇಲೆ ತಿರುಗಿ ಬಂದು ಬಾಗಿಲು ತಟ್ಟುವುದಕ್ಕೆ ಉಳಿದದ್ದು ಏನು? ಒಂದೋ ಐಕ್ಯ ಸುಳ್ಳು, ಇಲ್ಲವೇ ಹೊಸ್ತಿಲ ಮೊಳೆ ಸುಳ್ಳು. ಎರಡನ್ನೂ ಒಂದೇ ಮನೆಯಲ್ಲಿ ಇಟ್ಟುಕೊಳ್ಳಲು ಬರುವುದಿಲ್ಲ. ನಾವು ಇಟ್ಟುಕೊಂಡಿದ್ದೇವೆ.

ವಚನಗಳಲ್ಲೇ ಗರದ ಮಾತು ಬರುತ್ತದಲ್ಲ ಎಂದು ಒಬ್ಬರು ನನ್ನನ್ನು ಹಿಂದೆ ಕೇಳಿದ್ದರು. ಬರುತ್ತದೆ. ಬಸವಣ್ಣನವರು ಹಾವು ಕಚ್ಚಿದವರನ್ನೂ ಗರ ಬಡಿದವರನ್ನೂ ಹೋಲಿಕೆಗೆ ತಂದು, ಸಿರಿಯ ಗರ ಬಡಿದವರೇ ವಾಸಿಯಾಗದ ರೋಗಿಗಳು, ಅವರನ್ನು ಮಾತಾಡಿಸಬಲ್ಲ ಮಂತ್ರವಾದಿ ಬಡತನವೊಂದೇ ಎಂಬ ಅರ್ಥದಲ್ಲಿ ಹೇಳಿದ್ದಾರೆ. ಜನರ ಬಾಯಲ್ಲಿದ್ದ ಮಾತನ್ನು ತೆಗೆದುಕೊಂಡು ಹಣದ ಸೊಕ್ಕಿನ ಕಡೆಗೆ ತಿರುಗಿಸಿದರು. ಅದನ್ನು ಹಿಡಿದುಕೊಂಡು ದೆವ್ವಕ್ಕೆ ಸಾಕ್ಷಿ ಹುಡುಕುವುದು ವಚನ ಓದುವ ರೀತಿಯಲ್ಲ.

ಇನ್ನು ಹುಡುಗನ ಅಜ್ಜಿಯ ವಿಷಯ. ರಾತ್ರಿ ನಿದ್ದೆಯಲ್ಲಿ ಎಚ್ಚರವಾಗಿ, ಕಣ್ಣು ಬಿಟ್ಟಿದ್ದರೂ ಕೈಕಾಲು ಆಡಿಸಲಾಗದೆ, ಎದೆಯ ಮೇಲೆ ಯಾರೋ ಕೂತಂತಾಗಿ, ಕೂಗಿದರೂ ದನಿ ಹೊರಡದ ಅನುಭವ ಯಾರಿಗಾದರೂ ಆಗಿದೆಯೇ? ಸಂಕೋಚ ಬೇಡ. (ಸಭೆಯಲ್ಲಿ ಹಲವರು ಕೈ ಎತ್ತಿದರು.) ನೋಡಿ, ಇಷ್ಟು ಜನ. ನನಗೂ ಎರಡು ಸಲ ಆಗಿದೆ. ಕನಸು ಬೀಳುವ ನಿದ್ದೆಯಲ್ಲಿ ಮಿದುಳು ನಮ್ಮ ಸ್ನಾಯುಗಳನ್ನು ಸಡಿಲಗೊಳಿಸಿ ಕಟ್ಟಿಹಾಕಿರುತ್ತದೆ. ಇಲ್ಲದಿದ್ದರೆ ಕನಸಿನಲ್ಲಿ ಓಡುವವರೆಲ್ಲ ಮಂಚದಿಂದ ಬೀಳುತ್ತಿದ್ದರು. ಕೆಲವೊಮ್ಮೆ ಎಚ್ಚರ ಮೊದಲು ಬಂದು, ಕಟ್ಟು ಆಮೇಲೆ ಬಿಚ್ಚುತ್ತದೆ. ಆ ಒಂದೆರಡು ನಿಮಿಷ ಕನಸು ಕಣ್ಣೆದುರಿಗೇ ನಡೆಯುತ್ತದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನವರು ಮುದಿ ಮಾಟಗಾತಿ ಬಂದು ಕೂತಳು ಎನ್ನುತ್ತಾರೆ, ಜಪಾನಿನವರು ಇದಕ್ಕೆ ಕನಾಶಿಬಾರಿ ಎನ್ನುತ್ತಾರೆ, ನಮ್ಮವರು ದೆವ್ವ ಅಮುಕಿತು ಎನ್ನುತ್ತಾರೆ. ಅಮುಕಿದ್ದು ಎಲ್ಲ ಕಡೆಯೂ ಒಂದೇ, ಹೆಸರು ಆಯಾ ಊರಿನದು. ಅಜ್ಜಿಗೆ ಆದ ಅನುಭವ ಸುಳ್ಳಲ್ಲ ಮಗು. ಅದಕ್ಕೆ ಅವರು ಕೊಟ್ಟುಕೊಂಡ ಕಾರಣ ಸರಿಯಲ್ಲ. ಅಷ್ಟನ್ನು ಅವರ ಕೈ ಹಿಡಿದುಕೊಂಡು ಹೇಳು. ನಾನು ಬಾಗಿಲು ಒರೆಸಿದ ಹಾಗೆ ಹೇಳಬೇಡ.

ಕಣ್ಣಿಗೆ ಕಾಣದ್ದೆಲ್ಲ ಇಲ್ಲ ಎನ್ನುತ್ತೀರಾ ಎಂದು ಕೇಳುವವರಿದ್ದಾರೆ. ಹಾಗೆನ್ನುವುದಿಲ್ಲ. ನಾವು ಕೂತಿರುವ ಈ ಬಡಾವಣೆಗಳ ಚರಿತ್ರೆಯೇ ಇದಕ್ಕೆ ಉತ್ತರ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಇಕ್ಕಟ್ಟಾದ ಪೇಟೆಯಿಂದ ಜನ ಹೊರಗೆ ಹೋಗಲಿ ಎಂದು ಬಸವನಗುಡಿ, ಮಲ್ಲೇಶ್ವರದ ವಿಸ್ತರಣೆಗಳು ಬೇಗ ಬೇಗ ಬೆಳೆದವು. ಜನ ಮಾರಿ ಬಂದಳು ಎಂದು ಪ್ಲೇಗಮ್ಮನ ಗುಡಿ ಕಟ್ಟಿದರು. ಆದರೆ 1894ರಲ್ಲೇ ಹಾಂಕಾಂಗಿನಲ್ಲಿ ಯೆರ್ಸಿನ್ ಎಂಬವರು ಪ್ಲೇಗಿನ ಕ್ರಿಮಿಯನ್ನು ಕಂಡಿದ್ದರು. ಬೆಂಗಳೂರಿಗೆ ಪ್ಲೇಗು ಬಂದ ವರ್ಷವೇ ಕರಾಚಿಯಲ್ಲಿ ಸಿಮೋಂಡ್ ಎಂಬವರು ಅದು ಇಲಿಯ ಮೈಮೇಲಿನ ಚಿಗಟದಿಂದ ಹರಡುತ್ತದೆಂದು ತೋರಿಸಿದರು. ಕ್ರಿಮಿಯೂ ಕಣ್ಣಿಗೆ ಕಾಣುವುದಿಲ್ಲ. ಆದರೆ ಯಾರು ಬೇಕಾದರೂ ಸೂಕ್ಷ್ಮದರ್ಶಕ ಇಟ್ಟು ನೋಡಬಹುದು, ಇಲಿ ಕಡಿಮೆಯಾದರೆ ರೋಗವೂ ಇಳಿಯುತ್ತದೆ. ದೆವ್ವವನ್ನು ಹೀಗೆ ಪರೀಕ್ಷೆಗೆ ಕರೆದಾಗಲೆಲ್ಲ ಅದು ನಾಳೆ ಬರುತ್ತೇನೆ ಎನ್ನುತ್ತದೆ.

ಪರೀಕ್ಷೆಗೆ ಕರೆದವರು ನಮ್ಮ ಊರಿನಲ್ಲೇ ಇದ್ದರು. ಬಸವನಗುಡಿಯ ನ್ಯಾಷನಲ್ ಕಾಲೇಜಿನ ಡಾ. ಎಚ್. ನರಸಿಂಹಯ್ಯನವರು. ಖಾದಿ ಬಟ್ಟೆ, ವಿದ್ಯಾರ್ಥಿನಿಲಯದ ಒಂದು ಕೋಣೆ, ಮದುವೆಯಿಲ್ಲದ ಬದುಕು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಒಂದು ಸಮಿತಿಯನ್ನೇ ನೇಮಿಸಿದರು. ಬೈಗುಳ ಬಹಳ ಬಂತು. ಅದಕ್ಕೂ ಮೊದಲು ಸಿಂಹಳದಲ್ಲಿ ಕೇರಳ ಮೂಲದ ಡಾ. ಕೋವೂರರು, ಮೋಸಕ್ಕೆ ಎಡೆಯಿಲ್ಲದ ಹಾಗೆ ಅತಿಮಾನುಷ ಶಕ್ತಿ ತೋರಿಸಿದವರಿಗೆ ಒಂದು ಲಕ್ಷ ರೂಪಾಯಿ ಎಂದು ಸವಾಲು ಹಾಕಿದ್ದರು. 1978ರಲ್ಲಿ ಅವರು ತೀರಿಕೊಳ್ಳುವವರೆಗೂ ಆ ಹಣ ಯಾರ ಪಾಲೂ ಆಗಲಿಲ್ಲ.

ಇನ್ನು ನಮ್ಮ ಮಠಮಾನ್ಯಗಳಿಗೆ ಸಂಬಂಧಿಸಿದ ಮಾತು. ಪೂಜ್ಯರ ಎದುರೇ ಹೇಳುತ್ತೇನೆ, ತಪ್ಪಾದರೆ ತಿದ್ದಲಿ. ಅಮಾವಾಸ್ಯೆಯ ದಿನ ಎಷ್ಟೋ ಗದ್ದುಗೆಗಳ ಮುಂದೆ ಕೂದಲು ಕೆದರಿದ ಹೆಣ್ಣುಮಕ್ಕಳನ್ನು ತಂದು ಕೂರಿಸುತ್ತಾರೆ. ಗಮನಿಸಿ, ಹೆಚ್ಚಿನವರು ಹೆಣ್ಣುಮಕ್ಕಳು. ಅದರಲ್ಲೂ ಹೊಸದಾಗಿ ಮದುವೆಯಾದವರು, ಮಕ್ಕಳಿಲ್ಲ ಎಂದು ಬೈಸಿಕೊಂಡವರು, ಹೆತ್ತು ತಿಂಗಳಾಗದ ಬಾಣಂತಿಯರು. ತನ್ನ ಬಾಯಲ್ಲಿ ಹೇಳಿದರೆ ಕೇಳದ ಮನೆಯವರು ದೆವ್ವದ ಬಾಯಲ್ಲಿ ಹೇಳಿದರೆ ಕೈಕಟ್ಟಿ ಕೇಳುತ್ತಾರೆ. ಅವಳು ನಾಟಕವಾಡುತ್ತಾಳೆ ಎಂದು ನಾನು ಹೇಳುತ್ತಿಲ್ಲ. ಅವಳ ಸಂಕಟಕ್ಕೆ ನಾವು ಬಿಟ್ಟುಕೊಟ್ಟಿರುವ ದಾರಿ ಅದೊಂದೇ.

ಕಾನೂನು ಬಂದಿದೆ. ಅಮಾನವೀಯ ದುಷ್ಟ ಪದ್ಧತಿಗಳ ಮತ್ತು ವಾಮಾಚಾರ ತಡೆ ಕಾಯ್ದೆಯನ್ನು ನಮ್ಮ ವಿಧಾನಮಂಡಲ 2017ರಲ್ಲಿ ಒಪ್ಪಿತು, 2020ರ ಜನವರಿಯಿಂದ ಜಾರಿಯಲ್ಲಿದೆ. ದೆವ್ವ ಬಿಡಿಸುತ್ತೇನೆಂದು ಕಟ್ಟಿಹಾಕುವುದು, ಹೊಡೆಯುವುದು, ಮೆಣಸಿನಕಾಯಿ ಹೊಗೆ ಕೊಡುವುದು ಈಗ ಅಪರಾಧ. ಒಂದರಿಂದ ಏಳು ವರ್ಷ ಜೈಲು. ಆದರೆ ಸ್ವಂತ ಮಗಳನ್ನು ಕರೆದೊಯ್ದ ತಂದೆತಾಯಿಯ ಮೇಲೆ ದೂರು ಕೊಡುವವರು ಯಾರು? 2001ರಲ್ಲಿ ತಮಿಳುನಾಡಿನ ಎರವಾಡಿಯಲ್ಲಿ, ದರ್ಗಾಕ್ಕೆ ಹರಕೆಯೆಂದು ಕರೆತಂದವರನ್ನು ಇಟ್ಟುಕೊಳ್ಳುವ ಒಂದು ಗುಡಿಸಲಿಗೆ ಬೆಂಕಿ ಬಿದ್ದು 28 ಮಂದಿ ಸತ್ತರು. ಕಾಲಿಗೆ ಸರಪಳಿ ಹಾಕಿದ್ದರಿಂದ ಓಡಲಾಗಲಿಲ್ಲ. ಅವರನ್ನು ಅಲ್ಲಿಗೆ ತಂದದ್ದು ಪೊಲೀಸರಲ್ಲ, ಅವರನ್ನು ಪ್ರೀತಿಸುತ್ತಿದ್ದವರೇ.

ಜನ ಗದ್ದುಗೆಗೆ ಬರುವುದನ್ನು ನಿಲ್ಲಿಸಿ ಎಂದು ನಾನು ಕೇಳುವುದಿಲ್ಲ. ಬರಲಿ. ಬಂದ ದಿನ ಅಲ್ಲೇ ಒಂದು ಮೇಜು ಹಾಕಿಕೊಂಡು ಮನೋವೈದ್ಯರೊಬ್ಬರು ಕೂರಲಿ. ಅಯ್ಯನವರೇ ವಿಭೂತಿ ಹಚ್ಚಿ, "ತಾಯಿ, ಇದು ದೆವ್ವವಲ್ಲ, ಕಾಯಿಲೆ, ಆ ಡಾಕ್ಟರನ್ನು ನೋಡಿ ಹೋಗಿ" ಎಂದರೆ, ನೂರು ಉಪನ್ಯಾಸ ಮಾಡಲಾಗದ ಕೆಲಸ ಅಲ್ಲಿ ಆಗುತ್ತದೆ. ಮಠದ ಗೋಡೆಯ ಮೇಲೆ 14416 ಎಂಬ ನಂಬರನ್ನು ದೊಡ್ಡದಾಗಿ ಬರೆಸಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಹಣ ಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಮ್ಮ ಅಯ್ಯನವರು ಅಂದು ಆ ಒಂದು ಮಾತು ಹೇಳಿದ್ದರೆ ಅಪ್ಪ ಕೇಳುತ್ತಿದ್ದರು. ಅಪ್ಪ ಅವರ ಮಾತು ಮೀರಿದವರಲ್ಲ.

ಆ ರಾತ್ರಿಗೆ ಬರುತ್ತೇನೆ. ಅವ್ವನ ಪಕ್ಕ ಕೂತು ಬೆಳಗಿನವರೆಗೂ ಅಕ್ಕನ ಮಾತಾಡಿದೆವು. ಮೂವತ್ತು ವರ್ಷದಲ್ಲಿ ಅದೇ ಮೊದಲು. ಮಾರನೆಯ ದಿನ ಅವ್ವ ಮತ್ತೆ ಬರೆಯಲಿಲ್ಲ, ನಾನೂ ಕೇಳಲಿಲ್ಲ.

ಹತ್ತು ವರ್ಷದ ನಂತರ ಅವ್ವ ಇದೇ ಚಾಮರಾಜಪೇಟೆಯ ಮನೆಯಲ್ಲಿ ಲಿಂಗೈಕ್ಯಳಾದಳು. ಸಮಾಧಿ ಮಾಡಿ ಬಂದ ಮೇಲೆ ನೆಂಟರೊಬ್ಬರು ಪಂಚಾಂಗ ತೆಗೆದು ನಕ್ಷತ್ರ ಸರಿಯಿಲ್ಲ, ಮೂರು ತಿಂಗಳು ಮನೆ ಬಿಡಬೇಕು ಎಂದರು. ನಮ್ಮವರೇ, ಲಿಂಗ ಕಟ್ಟಿಕೊಂಡವರೇ. ನಾನು ಮನೆ ಬಿಡಲಿಲ್ಲ. ಆ ರಾತ್ರಿ ಅವ್ವನ ಕೋಣೆಯಲ್ಲೇ, ಅವ್ವನ ಚಾಪೆಯ ಮೇಲೇ ಮಲಗಿದೆ. ನಿದ್ದೆ ಬಂತು ಎಂದು ಹೇಳಲಾರೆ. ನಸುಕಿನಲ್ಲಿ ಯಾರೋ ಬಾಗಿಲು ತಟ್ಟಿದ ಸದ್ದಾಯಿತು. ನಿಜ ಹೇಳಬೇಕೆಂದರೆ ಎದೆ ಧಸಕ್ಕೆಂದಿತು. ಎದ್ದು ಹೋಗಿ ಬಾಗಿಲು ತೆಗೆದೆ. ಹಾಲಿನವನು ನಿಂತಿದ್ದ. "ಇವತ್ತಿಂದ ಅರ್ಧ ಲೀಟರ್ ಸಾಕಾ ಸಾರ್?" ಎಂದ.