ಹಳ್ಳದ ನೀರು, ಹತ್ತು ಮನೆಯ ಬೆಳಕು
(ಬೆಳ್ಳಿಹಬ್ಬದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ನಮ್ಮ ಸಂಘಕ್ಕೆ ಇಪ್ಪತ್ತೈದು ತುಂಬಿದ ಈ ಶುಭ ಸಂದರ್ಭದಲ್ಲಿ, ಹಳ್ಳದ ನೀರಿನಿಂದ ಕರೆಂಟು ಮಾಡುವ ವಿಚಾರವಾಗಿ ನಾಲ್ಕು ಮಾತು ಹೇಳಿ ಅಂತ ತಾವು ಅಪ್ಪಣೆ ಕೊಟ್ಟಿದ್ದೀರಿ. ಸಂತೋಷ.

ಬೇಗಾರಿನ ಮಳೆಗಾಲದ ಬಗ್ಗೆ ನಿಮಗೆ ನಾವು ಹೇಳಬೇಕಾದ್ದಿಲ್ಲ. ಆರಿದ್ರಾ, ಪುನರ್ವಸು ಹಿಡಿಯಿತೆಂದರೆ ಮರ ಬೀಳುತ್ತದೆ, ತಂತಿ ಹರಿಯುತ್ತದೆ. ಲೈನ್‌ಮನ್‌ಗಳು ಜೀವ ಕೈಯಲ್ಲಿ ಹಿಡಿದು ಕಂಬ ಹತ್ತುತ್ತಾರೆ. ಆದರೂ ಕಾಡಿನ ದಾರಿ, ತಡವಾಗುತ್ತದೆ. ವಯಸ್ಸಾದ ಇಬ್ಬರೇ ಇರುವ ಮನೆಗಳಲ್ಲಿ ಫೋನೂ ಸತ್ತು ಹೋದರೆ ಯಾರನ್ನು ಕರೆಯುವುದು? ಅದೇ ಹೊತ್ತಿಗೆ ಮನೆ ಹಿಂದಿನ ಹಳ್ಳ ತುಂಬಿ ಹರಿಯುತ್ತಿರುತ್ತದೆ. ಲೈನು ಹೋಗುವ ದಿನಗಳಲ್ಲೇ ನೀರು ಹೆಚ್ಚು. ಇದೇ ನಮ್ಮ ಅನುಕೂಲ.

ಇದು ಹೊಸದೇನಲ್ಲ. 1897ರಲ್ಲೇ ಡಾರ್ಜಿಲಿಂಗಿನ ಪುರಸಭೆ ಸಿದ್ರಾಪೊಂಗ್ ಎಂಬಲ್ಲಿ ಬೆಟ್ಟದ ನೀರಿನಿಂದ 130 ಕಿಲೋವ್ಯಾಟಿನ ಕೇಂದ್ರ ಮಾಡಿ ಊರಿಗೆ ದೀಪ ಹಾಕಿತು. ನಮ್ಮ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿಗೂ ವಿದ್ಯುತ್ ಹೋಯಿತು. ಅದೇ 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದರು. ಕರೆಂಟು, ಸಹಕಾರ ಎರಡೂ ಕೂಡಿದ ಉದಾಹರಣೆಯೂ ನಮ್ಮಲ್ಲುಂಟು: 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಊರೂರಿಗೆ ವಿದ್ಯುತ್ ಹಂಚುವ ಕೆಲಸ ಮಾಡಿಕೊಂಡು ಬಂದಿದೆ.

ಸರ್ಕಾರದ ಲೆಕ್ಕದಲ್ಲಿ 25 ಮೆಗಾವ್ಯಾಟ್ ವರೆಗೂ 'ಸಣ್ಣ' ಯೋಜನೆಯೇ. ನಾವು ಹೇಳುವುದು ಅದಲ್ಲ. ಕಾಡು ಕಡಿಯುವುದೂ ಬೇಡ, ಅಣೆಕಟ್ಟೂ ಬೇಡ. ಹಿರಿಯರು ಅಡಿಕೆ ದಂಬೆಯಲ್ಲಿ ಅಬ್ಬಿ ನೀರು ತಂದ ಹಾಗೆ, ಪೈಪಿನಲ್ಲಿ ತಂದು ಸಣ್ಣ ಟರ್ಬೈನಿಗೆ ಹಾಯಿಸುವುದು. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಇದು ನಡೆಯುತ್ತಿದೆ. ಲೆಕ್ಕ ಸುಲಭ. 20 ಮೀಟರ್ ಎತ್ತರದಿಂದ ಸೆಕೆಂಡಿಗೆ 10 ಲೀಟರ್ ನೀರು ಬಿದ್ದರೆ ಅದರ ಶಕ್ತಿ ಸುಮಾರು 2 ಕಿಲೋವ್ಯಾಟ್. ಪೈಪಿನಲ್ಲಿ, ಯಂತ್ರದಲ್ಲಿ ಅರ್ಧ ಹೋಯಿತು ಅಂತಿಟ್ಟುಕೊಳ್ಳಿ, 1 ಕಿಲೋವ್ಯಾಟ್ ಉಳಿಯಿತು. 9 ವ್ಯಾಟಿನ ನೂರು ಬಲ್ಬು ಉರಿಯುತ್ತದೆ. ಹಗಲೂ ರಾತ್ರಿ ತಿರುಗಿದರೆ ದಿನಕ್ಕೆ 24 ಯೂನಿಟ್. ದೀಪ ಆರಿಸಿದಾಗ ಯಂತ್ರ ಓಡಿ ಹಾಳಾಗಬಾರದಲ್ಲ, ಆ ಹೆಚ್ಚಿನ ಕರೆಂಟನ್ನು ಬಚ್ಚಲ ಹಂಡೆಯ ನೀರು ಕಾಯಿಸಲು ಬಿಟ್ಟರಾಯಿತು.

ಆದರೆ ಶಿವರಾತ್ರಿ ಹೊತ್ತಿಗೆ ಹಳ್ಳ ಸೊರಗುತ್ತದೆ. ಆಗ ಲೈನಿನ ಕರೆಂಟೇ ಗತಿ. ಹಾಗಾಗಿ ಮೀಟರು ಕಿತ್ತು ಹಾಕಿ ಅಂತ ನಾವು ಹೇಳುವುದಿಲ್ಲ.

ಯಂತ್ರ ದುಡ್ಡು ಕೊಟ್ಟರೆ ಬರುತ್ತದೆ. ಕಷ್ಟ ಇರುವುದು ಒಪ್ಪಂದದಲ್ಲಿ. ಮೇಲಿನ ಮನೆಯವರು ನೀರು ತಿರುಗಿಸಿದರೆ ಕೆಳಗಿನ ತೋಟದವರು ಸುಮ್ಮನಿರುತ್ತಾರೆಯೇ? ಜಡಿಮಳೆಯಲ್ಲಿ ಜಾಲರಿಗೆ ಸಿಕ್ಕ ದರಗು ತೆಗೆಯಲು ಹೋಗುವವರು ಯಾರು? ಬೇರಿಂಗ್ ಹೋದರೆ ಖರ್ಚು ಯಾರದ್ದು? ಇದನ್ನು ಮೊದಲೇ ಬರೆದಿಡದಿದ್ದರೆ ಬೆಳಕಿನ ಬದಲು ಜಗಳ ಹುಟ್ಟುತ್ತದೆ.

ಇಲ್ಲಿಯೇ ಸಂಘ ಬೇಕು. ಒಬ್ಬರಿಗೊಬ್ಬರು ಜಾಮೀನು ನಿಂತು ಸಾಲ ಪಡೆದು ತೀರಿಸಿದ ಜನ ನಾವು. ನಮ್ಮ ಸಲಹೆ ಇಷ್ಟೇ. ಮೊದಲ ವರ್ಷ ಯಂತ್ರ ಬೇಡ. ಒಂದು ಹಳ್ಳ ಆರಿಸಿ, ತಿಂಗಳಿಗೊಮ್ಮೆ ನೀರು ಅಳೆದು ಪುಸ್ತಕದಲ್ಲಿ ಬರೆಯಿರಿ. ಕುಡಿಯುವ ನೀರು, ತೋಟದ ನೀರು ಮೊದಲು, ಕರೆಂಟು ಆಮೇಲೆ. ಟರ್ಬೈನಿಂದ ಬಿಟ್ಟ ನೀರು ಅದೇ ಹಳ್ಳಕ್ಕೆ ಸೇರಬೇಕು ಅಂತ ಆ ಹಳ್ಳದ ಎಲ್ಲ ಮನೆಯವರೂ ಸಹಿ ಮಾಡಲಿ. ಪಂಚಾಯಿತಿ, ಅರಣ್ಯ ಇಲಾಖೆಯನ್ನು ಕೇಳಿಕೊಂಡೇ ಮುಂದುವರಿಯೋಣ. ಆಮೇಲೆ ಸಾಲದ ಮಾತು.

ತುಂಗೆಯ ಸೀಮೆಯಲ್ಲಿ ಹುಟ್ಟಿದ ನಮಗೆ ನೀರಿನ ಬೆಲೆ ಗೊತ್ತು. ಮುಂದಿನ ಮಹಾಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ ಅಂತ ಕೋರುತ್ತೇವೆ.