ಓವರ್‌ಕ್ಲಾಕ್ ಮಾಡಿದ ಕಂಪ್ಯೂಟರಿಗೆ ಎಂಥ ಪವರ್ ಸಪ್ಲೈ?

ಓವರ್‌ಕ್ಲಾಕಿಂಗ್ ಎಂದರೆ ಪ್ರೊಸೆಸರನ್ನೋ ಗ್ರಾಫಿಕ್ಸ್ ಕಾರ್ಡನ್ನೋ ತಯಾರಕರು ಗೊತ್ತುಪಡಿಸಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ದುಡಿಸುವುದು. ಆ ವೇಗ ಸ್ಥಿರವಾಗಿ ನಿಲ್ಲಬೇಕಾದರೆ ಸಾಮಾನ್ಯವಾಗಿ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ಚಿಪ್ಪಿನ ವಿದ್ಯುತ್ ಬಳಕೆಯು ಮುಖ್ಯವಾಗಿ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿ ಹೆಚ್ಚುವುದರಿಂದ, ಎರಡನ್ನೂ ಶೇ. 10ರಷ್ಟು ಏರಿಸಿದರೆ ಬಳಕೆ ಸುಮಾರು ಶೇ. 33ರಷ್ಟು ಏರುತ್ತದೆ. ಅಂಗಡಿಗಳಲ್ಲಿ ಎಸ್‌ಎಂಪಿಎಸ್ ಎಂದು ಕೇಳಿ ಪಡೆಯುವ ಪವರ್ ಸಪ್ಲೈಯನ್ನು ಈ ಏರಿಕೆಯನ್ನು ಗಮನದಲ್ಲಿಟ್ಟುಕೊಂಡೇ ಆರಿಸಬೇಕು.

ಇಂಟೆಲ್ ಕೋರ್ ಐ9-13900ಕೆ ಪ್ರೊಸೆಸರಿನ ಮೂಲ ಪ್ರಮಾಣ 125 ವಾಟ್ ಎಂದು ಘೋಷಿತವಾಗಿದ್ದರೂ ಗರಿಷ್ಠ ಟರ್ಬೊ ಸ್ಥಿತಿಯಲ್ಲಿ ಅದು 253 ವಾಟ್‌ಗೆ ಏರುತ್ತದೆ, ಓವರ್‌ಕ್ಲಾಕ್ ಮಾಡಿದಾಗ 300 ವಾಟ್‌ಗಳನ್ನು ದಾಟಬಲ್ಲದು; ಎನ್‌ವಿಡಿಯಾ ಆರ್‌ಟಿಎಕ್ಸ್ 4090 ಕಾರ್ಡಿಗೆ 450 ವಾಟ್ ಬೇಕು. ಮದರ್‌ಬೋರ್ಡು, ಮೆಮೊರಿ, ಡಿಸ್ಕು, ಫ್ಯಾನುಗಳಿಗೆಂದು ಇನ್ನು 100 ವಾಟ್ ಸೇರಿಸಿದರೆ ಮೊತ್ತ 850 ಆಗುತ್ತದೆ. ಆಟದ ವೇಳೆ ಎಲ್ಲವೂ ಒಟ್ಟಿಗೆ ಗರಿಷ್ಠ ಮಟ್ಟ ಮುಟ್ಟುವುದು ಅಪರೂಪವಾದರೂ, 850 ವಾಟ್‌ನ ಸಪ್ಲೈಯನ್ನು ಅದರ ಅಂಚಿನಲ್ಲಿ ದುಡಿಸುವುದಕ್ಕಿಂತ 1000 ವಾಟ್‌ನದನ್ನು ಕೊಳ್ಳುವುದು ವಿವೇಕ.

ಲೆಕ್ಕ ಇಲ್ಲಿಗೇ ನಿಂತರೆ ಮುಖ್ಯ ಸಂಗತಿಯೇ ತಪ್ಪಿಹೋಗುತ್ತದೆ. 450 ವಾಟ್ ಎನ್ನುವುದು ಸರಾಸರಿಯ ಮಿತಿ. ಕಾರ್ಡಿನ ಮೇಲಿನ ಕೆಲಸ ಹಠಾತ್ತನೆ ಹೆಚ್ಚಿದಾಗ ಅದರ ಬೇಡಿಕೆಯು ಸೆಕೆಂಡಿನ ಅತ್ಯಲ್ಪ ಭಾಗದಷ್ಟು ಕಾಲ ಆ ಮಿತಿಯನ್ನು ಬಹುವಾಗಿ ಮೀರಬಹುದು, ಇದನ್ನು ಟ್ರಾನ್ಸಿಯೆಂಟ್ ಅಂದರೆ ಕ್ಷಣಿಕ ಏರಿಕೆ ಎನ್ನುತ್ತಾರೆ. ಸಪ್ಲೈಯು ಅದನ್ನು ತಾಳಲಾರದಾದರೆ ಅತಿಹೊರೆಯನ್ನು ತಡೆಯುವ ರಕ್ಷಣಾ ಸರ್ಕಿಟ್ ಎಚ್ಚೆತ್ತು ಆಟದ ನಡುವೆಯೇ ಕಂಪ್ಯೂಟರು ಆರಿಹೋಗುತ್ತದೆ, ಬಳಕೆದಾರರು ಮಾತ್ರ ದೋಷವನ್ನು ಓವರ್‌ಕ್ಲಾಕಿಂಗ್ ಸೆಟ್ಟಿಂಗುಗಳಲ್ಲಿ ಹುಡುಕುತ್ತಾ ಕೂರುತ್ತಾರೆ. 2022ರಲ್ಲಿ ಇಂಟೆಲ್ ಪ್ರಕಟಿಸಿದ ಎಟಿಎಕ್ಸ್ 3.0 ಮಾನದಂಡವು, ಹೊಸ 16 ಪಿನ್ನಿನ ಕನೆಕ್ಟರುಳ್ಳ ದೊಡ್ಡ ಸಪ್ಲೈಗಳು ತಮ್ಮ ಸಾಮರ್ಥ್ಯದ ಎರಡು ಪಟ್ಟು ಹೊರೆಯನ್ನು 100 ಮೈಕ್ರೊಸೆಕೆಂಡುಗಳ ಕಾಲ ತಾಳಬೇಕೆಂದು ವಿಧಿಸಿತು. ಆದ್ದರಿಂದ ಇಂತಹ ಯಂತ್ರಕ್ಕೆ ಈ ಮಾನದಂಡವನ್ನೋ ಅದರ ಮುಂದಿನ ಆವೃತ್ತಿಯಾದ 3.1ನ್ನೋ ಪಾಲಿಸುವ ಸಪ್ಲೈಯೇ ತಕ್ಕದ್ದು.

ಪೆಟ್ಟಿಗೆಯ ಮೇಲಿನ 80 ಪ್ಲಸ್ ಗೋಲ್ಡ್, ಬ್ರಾಂಜ್ ಮುದ್ರೆಗಳನ್ನು ಅನೇಕರು ಗುಣಮಟ್ಟದ ಮುದ್ರೆಗಳೆಂದೇ ನಂಬುತ್ತಾರೆ. ಅವು ದಕ್ಷತೆಯನ್ನು, ಎಂದರೆ ಗೋಡೆಯ ಪ್ಲಗ್ಗಿನಿಂದ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಕಂಪ್ಯೂಟರಿಗೆ ತಲುಪುತ್ತದೆ ಎಂಬುದನ್ನು ಹೇಳುತ್ತವೆ: 115 ವೋಲ್ಟಿನ ಪರೀಕ್ಷೆಯಲ್ಲಿ, ಅರ್ಧ ಹೊರೆಯಿರುವಾಗ, ಗೋಲ್ಡಿಗೆ ಶೇ. 90, ಬ್ರಾಂಜಿಗೆ ಶೇ. 85. ವೋಲ್ಟೇಜು ಎಷ್ಟು ಸ್ಥಿರ, ಅದರ ಮೇಲಿನ ಸಣ್ಣ ಏರಿಳಿತವಾದ ರಿಪಲ್ ಎಷ್ಟು ಎಂಬುದನ್ನು ಆ ಮುದ್ರೆ ತಿಳಿಸುವುದಿಲ್ಲ, ಓವರ್‌ಕ್ಲಾಕಿಂಗಿಗೆ ಬೇಕಾದದ್ದೋ ಅದೇ. ಇವನ್ನು ಅಳೆದು ತೋರಿಸುವ ಸ್ವತಂತ್ರ ವಿಮರ್ಶೆಗಳನ್ನು ಓದಿ, ಸಪ್ಲೈಯ ಪಕ್ಕದ ಲೇಬಲ್ಲಿನಲ್ಲಿ 12 ವೋಲ್ಟಿನ ಸಾಲನ್ನು ನೋಡಬೇಕು. ಪ್ರೊಸೆಸರು ಮತ್ತು ಗ್ರಾಫಿಕ್ಸ್ ಕಾರ್ಡು ಮುಖ್ಯವಾಗಿ ಆ ಸಾಲಿನಿಂದಲೇ ವಿದ್ಯುತ್ ಪಡೆಯುವುದರಿಂದ 1000 ವಾಟ್‌ನ ಒಳ್ಳೆಯ ಸಪ್ಲೈಯಲ್ಲಿ ಅಲ್ಲಿ ಸುಮಾರು 83 ಆಂಪಿಯರ್ ನಮೂದಾಗಿರುತ್ತದೆ.

ಬಿಚ್ಚಿ ಜೋಡಿಸುವ ಕೇಬಲ್ಲುಗಳಿರುವ ಮಾಡ್ಯುಲರ್ ಸಪ್ಲೈಗಳಲ್ಲಿ ಒಂದರ ಕೇಬಲ್ಲನ್ನು ಇನ್ನೊಂದಕ್ಕೆ ಹಾಕಬಾರದು. ಸಪ್ಲೈಯ ಕಡೆಯ ಪಿನ್ನುಗಳ ಕ್ರಮಕ್ಕೆ ಸಮಾನ ನಿಯಮವಿಲ್ಲದ ಕಾರಣ ಯಂತ್ರವೇ ಸುಡಬಹುದು. ಕರೆಂಟು ಹೋಗಿಬರುವ ಊರುಗಳಲ್ಲಿ ಯುಪಿಎಸ್ ಕೊಳ್ಳುವವರೂ ಅದರ ವಿಎ ಸಂಖ್ಯೆಯನ್ನು ವಾಟ್ ಎಂದು ಓದಿಕೊಳ್ಳಬಾರದು: ಮನೆಗಳಲ್ಲಿ ಸಾಮಾನ್ಯವಾಗಿರುವ 600 ವಿಎ ಯುಪಿಎಸ್‌ಗಳು ಹೊರುವುದು ಸುಮಾರು 360 ವಾಟ್ ಮಾತ್ರ, ಮೇಲಿನ ಯಂತ್ರದ ಗ್ರಾಫಿಕ್ಸ್ ಕಾರ್ಡಿಗೂ ಅದು ಸಾಲದು.