ಮೊದಲ ಉದ್ಯೋಗ: ಕಾನೂನು ಮನೆಬಾಗಿಲಿಗೆ



ವಿಶ್ವಸಂಸ್ಥೆಯ ಕೆಲಸವೆಂದರೆ ನಮಗೆ ನ್ಯೂಯಾರ್ಕ್, ಜಿನೀವಾ ನೆನಪಾಗುತ್ತವೆ. ವಿಶ್ವಸಂಸ್ಥೆಯ ಸ್ವಯಂಸೇವಕ ಕಾರ್ಯಕ್ರಮದಲ್ಲಿ 18ರಿಂದ 26 ವರ್ಷದ ಯುವಜನರಿಗೂ ಅವಕಾಶವಿದೆ. ಆಡಳಿತ ಮತ್ತು ಕಾನೂನಿನ ಆಳ್ವಿಕೆಗೆ ನೆರವಾಗುವ ವಿಭಾಗಕ್ಕೆ ಸೇರಿದ ಹೊಸಬರು ಮಾಡುವುದೇನು? ಕಾನೂನು ರಚಿಸುವುದಲ್ಲ. ಸಭೆಯ ಟಿಪ್ಪಣಿ ಬರೆಯುವುದು, ಮಾಹಿತಿ ಕಲೆಹಾಕುವುದು, ಇರುವ ಕಾನೂನು ಜನರನ್ನು ತಲುಪಿದೆಯೇ ಎಂದು ವಿಚಾರಿಸುವುದು.

ಈ ಪಾಠವನ್ನು ಕುಂದಲಹಳ್ಳಿಯಲ್ಲೇ ಕಲಿಯಬಹುದು. ಇಲ್ಲಿ ಎತ್ತರದ ಕಚೇರಿಗಳಿವೆ. ಅವುಗಳನ್ನು ಕಟ್ಟುವ, ಗುಡಿಸುವ, ಕಾಯುವ ಕಾರ್ಮಿಕರೂ ಇದ್ದಾರೆ. ದುಡಿದ ಕೂಲಿ ಕೈಸೇರದ ಒಬ್ಬ ಹೆಣ್ಣುಮಗಳನ್ನು ಊಹಿಸಿಕೊಳ್ಳಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 12ನೇ ಪ್ರಕರಣದಂತೆ, ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ವಕೀಲರ ನೆರವು ಉಚಿತ. ಕೈಗಾರಿಕಾ ಕಾರ್ಮಿಕರಿಗೂ ಅಷ್ಟೇ. ಆಕೆಗೆ ಇದು ತಿಳಿಯದಿದ್ದರೆ ಹಕ್ಕು ಪುಸ್ತಕದಲ್ಲೇ ಉಳಿಯಿತು, ಕೂಲಿಯೂ ಹೋಯಿತು.

ಈ ಕೊರತೆ ನೀಗಲೆಂದು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವು 2009ರಲ್ಲಿ ಪ್ಯಾರಾ ಲೀಗಲ್ ಸ್ವಯಂಸೇವಕರ ಯೋಜನೆಯನ್ನು ರೂಪಿಸಿತು. ಕಾನೂನು ವಿದ್ಯಾರ್ಥಿಗಳೂ ತರಬೇತಿ ಪಡೆದು ಸೇರಬಹುದು. ಇವರು ನ್ಯಾಯಾಲಯದಲ್ಲಿ ವಾದಿಸುವುದಿಲ್ಲ. ಅರ್ಜಿ ಬರೆಯಲು ನೆರವಾಗುತ್ತಾರೆ, ಪ್ರಾಧಿಕಾರದ ಕಚೇರಿಗೆ ದಾರಿ ತೋರುತ್ತಾರೆ. 15100 ಸಂಖ್ಯೆಗೆ ದೂರವಾಣಿ ಮಾಡಿಯೂ ನೆರವು ಕೇಳಬಹುದು.

ಮಿತ್ರರೆ, ನಿಮ್ಮ ಬೀದಿಯ ಒಬ್ಬರ ಮಾತನ್ನು ತಾಳ್ಮೆಯಿಂದ ಕೇಳಿ, ಅವರ ಅರ್ಜಿಯನ್ನು ತಪ್ಪಿಲ್ಲದೆ ಬರೆದುಕೊಡಿ. ನಾಳೆ ಯಾವ ದೇಶಕ್ಕೆ ಹೋದರೂ ನಿಮ್ಮ ಕೈಹಿಡಿಯುವ ಅನುಭವ ಅದೇ.